ಮುಚ್ಚಿಟ್ಟ ರೋಗ

ಸಂಡೂರು ತಾಲ್ಲೂಕಿನ ಬಂಡ್ರಿಯಂತಹ ಗ್ರಾಮಗಳಲ್ಲಿ ಪ್ರೌಢಶಾಲೆಯ ಮೆಟ್ಟಿಲೇರಿದ ಮಕ್ಕಳಲ್ಲಿ ಹಲವರು ಮುಂದೊಂದು ದಿನ ವಿಶ್ವವಿದ್ಯಾಲಯದ ವಸತಿನಿಲಯವನ್ನು ಸೇರುತ್ತಾರೆ. ಅದೇ ತಾಲ್ಲೂಕಿನ ನಂದಿಹಳ್ಳಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಹಂಪಿಯಲ್ಲಿ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವಿದೆ. ಇಂತಹ ವಿದ್ಯಾಕೇಂದ್ರಗಳಲ್ಲಿ ನಾನಾ ಊರುಗಳ ತರುಣ ತರುಣಿಯರು ಒಂದೇ ಸೂರಿನಡಿ ಮಲಗುತ್ತಾರೆ, ಒಂದೇ ಅಡುಗೆಮನೆಯ ಅನ್ನವನ್ನು ಉಣ್ಣುತ್ತಾರೆ, ಒಂದೇ ತೊಟ್ಟಿಯ ನೀರನ್ನು ಕುಡಿಯುತ್ತಾರೆ. ರಜೆ ಬಂದೊಡನೆ ತಮ್ಮ ತಮ್ಮ ಊರುಗಳಿಗೆ ಹಿಂದಿರುಗುತ್ತಾರೆ. ಆದುದರಿಂದ ವಸತಿನಿಲಯದಲ್ಲಿ ಹುಟ್ಟಿದ ಅಂಟುಜಾಡ್ಯ ಅಲ್ಲಿಯೇ ನಿಲ್ಲುವುದಿಲ್ಲ. ಅದು ಬಸ್ಸನ್ನೇರಿ ಹಳ್ಳಿಯ ಅಜ್ಜ ಅಜ್ಜಿಯರನ್ನೂ ಎಳೆಗೂಸುಗಳನ್ನೂ ಮುಟ್ಟುತ್ತದೆ.

ವಿದ್ಯಾವಂತರ ನಡುವೆ ರೋಗ ಹಬ್ಬಲಾರದು ಎಂಬ ನಂಬಿಕೆ ಹುಸಿ ಎಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನಗಳಿವೆ. 2021ರ ನವೆಂಬರ್ 17ರಂದು ಧಾರವಾಡದ ಎಸ್.ಡಿ.ಎಂ. ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭ ನಡೆಯಿತು. ಹತ್ತು ದಿನಗಳೊಳಗೆ ಅಲ್ಲಿ 281 ಮಂದಿಗೆ ಕೋವಿಡ್ ಸೋಂಕು ಕಂಡುಬಂದಿತು. ಅವರಲ್ಲಿ ಬಹುಪಾಲು ಜನ ಎರಡೂ ಸಲ ಲಸಿಕೆ ಪಡೆದವರು. ಲಸಿಕೆ ಅವರ ಜೀವವನ್ನು ಕಾಯಿತು. ಹೆಚ್ಚಿನವರಿಗೆ ರೋಗಲಕ್ಷಣಗಳೇ ಕಾಣಿಸಲಿಲ್ಲ, ಇಲ್ಲವೆ ಸೌಮ್ಯವಾಗಿದ್ದವು. ಆದರೆ ಲಸಿಕೆಯೊಂದೇ ರೋಗದ ಹರಡುವಿಕೆಯನ್ನು ತಡೆಯಲಾರದೆಂಬುದೂ ಅಂದು ಸ್ಪಷ್ಟವಾಯಿತು. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಮಹಾವಿದ್ಯಾಲಯದ ವಸತಿನಿಲಯದ 47 ವಿದ್ಯಾರ್ಥಿನಿಯರು ವಾಂತಿಭೇದಿಯಿಂದ ಬಳಲಿ ಆಸ್ಪತ್ರೆ ಸೇರಿದರು. ಕೆಲವರಲ್ಲಿ ಕಾಲರಾ ಇರುವುದು ದೃಢಪಟ್ಟಿತು. ಒಂದು ಕಡೆ ಉಸಿರಾಡುವ ಗಾಳಿಯಿಂದ ಹಬ್ಬುವ ರೋಗ, ಇನ್ನೊಂದು ಕಡೆ ಮಲಿನವಾದ ನೀರು ಆಹಾರಗಳಿಂದ ಹಬ್ಬುವ ರೋಗ. ಎರಡೂ ಕಡೆ ಇದ್ದವರು ರೋಗಶಾಸ್ತ್ರವನ್ನೇ ಓದಲು ಬಂದವರು!

ಇದರಿಂದ ತಿಳಿಯಬೇಕಾದುದೇನು? ಅರಿವು ಬೇಕು, ಆದರೆ ಅರಿವೊಂದೇ ಸಾಲದು. ನೀರಿನ ತೊಟ್ಟಿಯನ್ನು ತೊಳೆಯಿಸಿ ಕ್ಲೋರಿನ್ ಬೆರೆಸುವುದು, ಕೊಠಡಿಗಳಿಗೆ ಗಾಳಿ ಬೆಳಕು ಬರುವಂತೆ ಕಿಟಕಿಗಳನ್ನು ತೆರೆದಿಡುವುದು, ಊಟಕ್ಕೆ ಮೊದಲೂ ಶೌಚದ ನಂತರವೂ ಸಾಬೂನಿನಿಂದ ಕೈ ತೊಳೆಯುವುದು, ಲಸಿಕೆಗಳನ್ನು ಸಕಾಲದಲ್ಲಿ ಹಾಕಿಸಿಕೊಳ್ಳುವುದು ಇವೆಲ್ಲ ಅಗತ್ಯ. ಆದರೆ ಇವೆಲ್ಲವನ್ನೂ ವ್ಯರ್ಥಗೊಳಿಸುವ ಒಂದು ದೋಷವಿದೆ. ಅದೇ ರೋಗವನ್ನು ಮುಚ್ಚಿಡುವುದು.

ಜ್ವರ ಬಂದ ವಿದ್ಯಾರ್ಥಿ ಮಾತ್ರೆಯೊಂದನ್ನು ನುಂಗಿ ತರಗತಿಗೆ ಬರುತ್ತಾನೆ. ಏಕೆ? ಶೇಕಡ 75ರಷ್ಟು ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಲಾಗದು ಎಂಬ ಭಯ. ಕಿರುಪರೀಕ್ಷೆಯ ಅಂಕಗಳು ಕೈತಪ್ಪುತ್ತವೆಂಬ ಆತಂಕ. ಕೊಠಡಿಯ ಗೆಳೆಯರು ದೂರ ಸರಿಯುತ್ತಾರೆಂಬ ಸಂಕೋಚ. ಎರಡು ವಾರಗಳಿಗೂ ಮೀರಿ ಕೆಮ್ಮು ಬಿಡದಿದ್ದರೆ ಕ್ಷಯದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯಕ್ಕೆ ಉಚಿತ ಚಿಕಿತ್ಸೆಯಿದೆ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಔಷಧಿ ಸೇವಿಸಿದರೆ ಅದು ಗುಣವಾಗುತ್ತದೆ. ಆದರೂ ಆ ಹೆಸರಿಗೆ ಅಂಟಿಕೊಂಡ ಕಳಂಕಕ್ಕೆ ಹೆದರಿ ಕೆಮ್ಮನ್ನು ಅಡಗಿಸುವವರುಂಟು. ಮಡಿಲಲ್ಲಿ ಕೆಂಡ ಕಟ್ಟಿಕೊಂಡಂತೆ ಅದು ಅವರನ್ನೂ ಸುಡುತ್ತದೆ, ಪಕ್ಕದವರನ್ನೂ ಸುಡುತ್ತದೆ.

ಭಯವು ರೋಗವನ್ನು ಅಡಗಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಇದು ಇತಿಹಾಸ ಕಲಿಸಿದ ಪಾಠ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಆ ಕಾಲದ ಆಡಳಿತವು ಮನೆಮನೆಗಳನ್ನು ಶೋಧಿಸಿ, ರೋಗಿಗಳನ್ನು ಬಲವಂತವಾಗಿ ಪ್ರತ್ಯೇಕಿಸುವ ಕ್ರಮಗಳನ್ನು ಕೈಗೊಂಡಿತು. ಉದ್ದೇಶ ಒಳ್ಳೆಯದೇ, ಆದರೆ ಭೀತಿಗೊಂಡ ಜನ ರೋಗಿಗಳನ್ನೂ ಸಾವುಗಳನ್ನೂ ಮರೆಮಾಡತೊಡಗಿದರು. ಯಾವ ಕ್ರಮವು ಜನರ ಸಹಕಾರವನ್ನು ಕಳೆದುಕೊಳ್ಳುವುದೋ ಅದು ರೋಗಕ್ಕೇ ನೆರವಾಗುತ್ತದೆ.

ಆದ್ದರಿಂದ ವಿದ್ಯಾರ್ಥಿಗೆ ಉಪದೇಶ ಮಾಡುವ ಮೊದಲು ವಿದ್ಯಾಸಂಸ್ಥೆ ತನ್ನ ಕರ್ತವ್ಯವನ್ನು ನೆರವೇರಿಸಬೇಕು. ವೈದ್ಯರ ಸಲಹೆಯಂತೆ ಪ್ರತ್ಯೇಕವಾಗಿ ಉಳಿದ ದಿನಗಳನ್ನು ಹಾಜರಾತಿಯ ಲೆಕ್ಕದಲ್ಲಿ ಕೊರತೆಯೆಂದು ಎಣಿಸಬಾರದು. ತಪ್ಪಿಹೋದ ಪರೀಕ್ಷೆಯನ್ನು ಮತ್ತೆ ಬರೆಯಲು ಅವಕಾಶವಿರಬೇಕು. ಪ್ರತಿ ವಸತಿನಿಲಯದಲ್ಲಿಯೂ ರೋಗಿಗಳಿಗಾಗಿ ಒಂದೆರಡು ಕೊಠಡಿಗಳನ್ನು ಮೀಸಲಿಟ್ಟು, ಅಲ್ಲಿಗೇ ಊಟ, ಔಷಧಿ, ಪಾಠದ ಟಿಪ್ಪಣಿಗಳು ತಲುಪುವಂತೆ ಮಾಡಬೇಕು. ರೋಗಿಯ ಹೆಸರು ಊರ ಮಾತಾಗಬಾರದು.

ಹೀಗೆ ಸಡಿಲಿಸಿದರೆ ಸೋಮಾರಿಗಳು ಸುಳ್ಳು ನೆಪ ಹೂಡುತ್ತಾರೆ ಎಂದು ಕೆಲವರು ಆಕ್ಷೇಪಿಸಬಹುದು. ಅಂಥವರು ಕೆಲವರು ಇದ್ದಾರು. ಆದರೆ ಸುಳ್ಳು ಜ್ವರದ ಒಬ್ಬ ವಿದ್ಯಾರ್ಥಿ ಮನೆಯಲ್ಲಿ ಉಳಿದರೆ ನಷ್ಟ ಅವನಿಗೊಬ್ಬನಿಗೆ. ನಿಜವಾದ ಜ್ವರದ ಒಬ್ಬ ವಿದ್ಯಾರ್ಥಿ ತರಗತಿಗೆ ಬಂದರೆ ನಷ್ಟ ಎಲ್ಲರಿಗೆ. ಇವೆರಡರಲ್ಲಿ ಯಾವುದು ದೊಡ್ಡದೆಂದು ತೂಗಿ ನೋಡಲು ತಕ್ಕಡಿ ಬೇಕಿಲ್ಲ.

ವಿದ್ಯಾರ್ಥಿಗೂ ಅವನದೇ ಆದ ಹೊಣೆಯಿದೆ. ಮೈಯಲ್ಲಿ ಸ್ವಸ್ಥತೆ ತಪ್ಪಿದ ಮೊದಲ ದಿನವೇ ಹೇಳಿಕೊಳ್ಳುವುದು ದೌರ್ಬಲ್ಯವಲ್ಲ, ನೆರೆಯವರ ಮೇಲಿನ ಕಾಳಜಿ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೇನು ಫಲ? ರೋಗಿಯಾದ ಗೆಳೆಯನನ್ನು ಹಳಿಯದೆ, ಅಂತರವನ್ನು ಕಾಯ್ದುಕೊಂಡೇ ಅವನಿಗೆ ನೆರವಾಗುವುದು ಉಳಿದವರ ಧರ್ಮ. ಈ ನಡತೆಯನ್ನು ಕಲಿಯಲು ವಿಶ್ವವಿದ್ಯಾಲಯದವರೆಗೆ ಕಾಯಬೇಕಾಗಿಲ್ಲ. ಬಂಡ್ರಿಯ ಶಾಲೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತ ಸಹಪಾಠಿಯಿಂದಲೇ ಅದು ಆರಂಭವಾಗಬಹುದು. "ನನಗೆ ಮೈಯಲ್ಲಿ ಹುಷಾರಿಲ್ಲ" ಎಂದು ಅಂಜದೆ ಹೇಳಬಲ್ಲ ಮಕ್ಕಳೂ, ಆ ಮಾತನ್ನು ಗದರಿಸದೆ ಕೇಳಬಲ್ಲ ಹಿರಿಯರೂ ಇರುವ ಕಡೆ ರೋಗಕ್ಕೆ ಅಡಗಲು ಸ್ಥಳವಿರುವುದಿಲ್ಲ.