ಮೂರು ಸಾವಿರ ಮೈಲಿಯ ನಡಿಗೆ ಮತ್ತು ನಮ್ಮ ಮೊಹಲ್ಲಾ

ಅಮೆರಿಕದ ಶಿಕಾಗೋ ನಗರದ ದಕ್ಷಿಣ ಭಾಗದಲ್ಲಿ ಕೋರಿ ಬ್ರೂಕ್ಸ್ ಎಂಬ ಕರಿಯ ಪಾದ್ರಿಯೊಬ್ಬರಿದ್ದಾರೆ. ಬಂದೂಕಿಗೆ ಬಲಿಯಾದ ಯುವಕರ ಅಂತ್ಯಸಂಸ್ಕಾರಗಳನ್ನು ನಡೆಸಿ ನಡೆಸಿ ಬೇಸತ್ತ ಅವರು 2011ರ ನವೆಂಬರ್‌ನಲ್ಲಿ ತಮ್ಮ ಚರ್ಚಿನ ಎದುರಿಗಿದ್ದ ಪಾಳು ಮೋಟೆಲ್ ಒಂದರ ಛಾವಣಿಯ ಮೇಲೆ ಡೇರೆ ಹಾಕಿ ಕುಳಿತರು. ಆ ಕಟ್ಟಡ ಮಾದಕ ವಸ್ತು ಮತ್ತು ವೇಶ್ಯಾವಾಟಿಕೆಯ ತಾಣವಾಗಿತ್ತು. ಅದನ್ನು ಕೊಂಡು ಕೆಡವಲು ಬೇಕಾದ ನಾಲ್ಕೂವರೆ ಲಕ್ಷ ಡಾಲರ್ ಕೂಡುವವರೆಗೆ ಕೆಳಗಿಳಿಯುವುದಿಲ್ಲ ಎಂಬುದು ಅವರ ಹಠ. ಶಿಕಾಗೋದ ಮೂಳೆ ಕೊರೆಯುವ ಚಳಿಯಲ್ಲಿ 94 ದಿನಗಳು ಕಳೆದವು. ಹಣ ಕೂಡಿತು, ಮೋಟೆಲ್ ನೆಲಸಮವಾಯಿತು.

ಆದರೆ ಕೆಡವಿದ ಜಾಗದಲ್ಲಿ ಏನಾದರೂ ಎದ್ದು ನಿಲ್ಲಬೇಕಲ್ಲವೇ? ಯುವಕರಿಗೆ ಕಸುಬು ಕಲಿಸುವ, ಮಕ್ಕಳಿಗೆ ಓದಲು ಆಡಲು ನೆಲೆಯಾಗುವ ಸಮುದಾಯ ಕೇಂದ್ರವೊಂದರ ಕನಸು ಹೊತ್ತು ಅವರು 2012ರಲ್ಲಿ ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಕಾಲ್ನಡಿಗೆಯಲ್ಲಿ ಹೊರಟರು. ಒಂದು ಸಮುದ್ರ ತೀರದಿಂದ ಇನ್ನೊಂದು ಸಮುದ್ರ ತೀರಕ್ಕೆ ಸುಮಾರು ಮೂರು ಸಾವಿರ ಮೈಲಿ. ನಡಿಗೆ ಮುಗಿಯಿತು. ಕೇಂದ್ರ ಮಾತ್ರ ಏಳಲಿಲ್ಲ. 2021ರ ನವೆಂಬರ್‌ನಲ್ಲಿ, ಅಂದರೆ ಒಂಬತ್ತು ವರ್ಷಗಳ ಬಳಿಕ, ಅವರು ಅದೇ ಖಾಲಿ ಜಾಗದಲ್ಲಿ ಮತ್ತೆ ಡೇರೆ ಹಾಕಿದರು. ಈ ಬಾರಿಯ ಗುರಿ ಮೂರೂವರೆ ಕೋಟಿ ಡಾಲರ್. ನೂರು ದಿನಕ್ಕೆಂದು ಏರಿದವರು ಬಹುತೇಕ ಒಂದು ವರ್ಷ ಅಲ್ಲಿಯೇ ಕಳೆದರು. 2024ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ಮತ್ತೊಮ್ಮೆ ದೇಶದುದ್ದದ ನಡಿಗೆಗೆ ಹೆಜ್ಜೆ ಹಾಕಿದರು.

ಈ ಮನುಷ್ಯನ ಛಲವನ್ನು ನಾವು ಮನಸಾರೆ ಗೌರವಿಸುತ್ತೇವೆ. ತನ್ನ ಕೇರಿಯ ಮಕ್ಕಳಿಗಾಗಿ ಚಳಿಯಲ್ಲಿ ಮಲಗುವ, ಬಿಸಿಲಲ್ಲಿ ಪಾದ ಸವೆಸುವ ಧರ್ಮಗುರು ಯಾವ ಧರ್ಮದವರಾದರೂ ಆದರಣೀಯರೇ. ಆದರೆ ಗೌರವದ ಜೊತೆಗೆ ಪ್ರಶ್ನೆಯೊಂದು ಏಳುತ್ತದೆ. ಜಗತ್ತಿನ ಅತ್ಯಂತ ಶ್ರೀಮಂತ ದೇಶದ ಮಹಾನಗರವೊಂದರಲ್ಲಿ ಮಕ್ಕಳಿಗೊಂದು ಕಟ್ಟಡ ಬೇಕಾದಾಗ ಪಾದ್ರಿಯೊಬ್ಬರು ಮೂರು ಸಾವಿರ ಮೈಲಿ ನಡೆಯಬೇಕಾದದ್ದೇಕೆ?

ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಶಿಕಾಗೋದ ದಕ್ಷಿಣ ಭಾಗ ತಾನಾಗಿ ಬಡವಾದದ್ದಲ್ಲ, ಅದನ್ನು ಬಡತನಕ್ಕೆ ನೂಕಲಾಯಿತು. ದಕ್ಷಿಣದ ರಾಜ್ಯಗಳ ದಬ್ಬಾಳಿಕೆಯಿಂದ ತಪ್ಪಿಸಿಕೊಂಡು ಲಕ್ಷಾಂತರ ಕರಿಯರು ಇಂತಹ ನಗರಗಳಿಗೆ ಬಂದಾಗ, ಬಿಳಿಯರ ಬಡಾವಣೆಗಳಲ್ಲಿ ಕರಿಯರಿಗೆ ಮನೆ ಮಾರಬಾರದು ಎಂಬ ಕರಾರುಗಳನ್ನು ಕ್ರಯಪತ್ರಗಳಲ್ಲಿಯೇ ಬರೆಯಲಾಗುತ್ತಿತ್ತು. ಅಲ್ಲಿನ ಸುಪ್ರೀಂ ಕೋರ್ಟು ಇಂತಹ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದದ್ದು 1948ರಲ್ಲಿ. 1933ರಲ್ಲಿ ಸರಕಾರವೇ ಸ್ಥಾಪಿಸಿದ ಗೃಹಸಾಲ ನಿಗಮವು ನಗರಗಳ ನಕಾಶೆ ತಯಾರಿಸಿ, ಕರಿಯರು ವಾಸಿಸುವ ಪ್ರದೇಶಗಳಿಗೆ ಕೆಂಪು ಬಣ್ಣ ಬಳಿಯಿತು. ಕೆಂಪು ಎಂದರೆ ಅಪಾಯ, ಅಲ್ಲಿ ಸಾಲ ಬೇಡ ಎಂದರ್ಥ. ಸಾಲವಿಲ್ಲದ ಕಡೆ ಮನೆ ದುರಸ್ತಿಯಾಗುವುದಿಲ್ಲ, ಅಂಗಡಿ ತೆರೆಯುವುದಿಲ್ಲ, ಆಸ್ತಿಗೆ ಬೆಲೆ ಬರುವುದಿಲ್ಲ, ಶಾಲೆಗೆ ತೆರಿಗೆಯ ಹಣ ಹರಿಯುವುದಿಲ್ಲ. ಒಂದು ಪೀಳಿಗೆ ಕಳೆಯುವಷ್ಟರಲ್ಲಿ ನಕಾಶೆಯ ಸುಳ್ಳು ನಿಜವಾಗುತ್ತದೆ. ಆಗ ಹೊರಗಿನವರು ಬಂದು, ಈ ಜನರೇ ಹೀಗೆ ಎಂದು ತೀರ್ಪು ನೀಡುತ್ತಾರೆ.

ಈ ಅನ್ಯಾಯದ ವಿರುದ್ಧ ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಶಿಕಾಗೋಗೆ ಬಂದು ಬಡವರ ಕೇರಿಯಲ್ಲಿಯೇ ಮನೆ ಹಿಡಿದರು. ಅವರೂ ನಡೆದರು. ಆ ವರ್ಷದ ಆಗಸ್ಟ್ 5ರಂದು ಮಾರ್ಕೆಟ್ ಪಾರ್ಕಿನಲ್ಲಿ ಬಿಳಿಯರ ಗುಂಪು ತೂರಿದ ಕಲ್ಲು ಅವರ ತಲೆಗೆ ತಗಲಿತು. ಅವರ ನಡಿಗೆ ಚಂದಾ ಎತ್ತುವುದಕ್ಕಾಗಿರಲಿಲ್ಲ, ಹಕ್ಕು ಕೇಳುವುದಕ್ಕಾಗಿತ್ತು. 1968ರ ಏಪ್ರಿಲ್‌ನಲ್ಲಿ ಅವರ ಹತ್ಯೆಯಾದ ಒಂದು ವಾರಕ್ಕೆ, ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ತಾರತಮ್ಯವನ್ನು ನಿಷೇಧಿಸುವ ಕಾನೂನು ಬಂತು.

ಒಂದೇ ನಗರದ ಈ ಎರಡು ನಡಿಗೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ದಾನಿಗಳ ಮನಸ್ಸನ್ನು ತಟ್ಟುತ್ತದೆ, ಇನ್ನೊಂದು ಅಧಿಕಾರದ ಬಾಗಿಲನ್ನು ತಟ್ಟುತ್ತದೆ. ಪಾದ್ರಿ ಬ್ರೂಕ್ಸ್ ಸರಕಾರದ ನೆರವಿಗಿಂತ ಸ್ವಾವಲಂಬನೆಯಲ್ಲಿ ಹೆಚ್ಚು ನಂಬಿಕೆಯಿಟ್ಟವರು. 2014ರ ಗವರ್ನರ್ ಚುನಾವಣೆಯಲ್ಲಿ ಅವರು ರಿಪಬ್ಲಿಕನ್ ಅಭ್ಯರ್ಥಿಯನ್ನು ಬೆಂಬಲಿಸಿದಾಗ ಅವರ ಸಮುದಾಯದ ಹಲವರು ಸಿಟ್ಟಾದರು. ಅವರ ರಾಜಕೀಯದ ಬಗ್ಗೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಇಷ್ಟನ್ನು ಹೇಳಬೇಕು: ದಾನವು ಹಸಿದವನ ಇಂದಿನ ಹೊಟ್ಟೆಯನ್ನು ತುಂಬಿಸಬಲ್ಲದು; ಅವನನ್ನು ಹಸಿವಿಗೆ ದೂಡಿದ ನಕಾಶೆಯನ್ನು ಅಳಿಸಲಾರದು. ಹಾಗೆಯೇ, ನಕಾಶೆ ಅಳಿಸುವವರೆಗೆ ಹೊಟ್ಟೆ ಕಾಯಲಿ ಎನ್ನುವುದೂ ಕ್ರೌರ್ಯವೇ. ಎರಡೂ ಬೇಕು.

ಶಿಕಾಗೋದ ಕಥೆಯಲ್ಲಿ ಮುಸ್ಲಿಮರ ಪಾತ್ರವೂ ಒಂದಿದೆ. ಅದರಲ್ಲಿ ಹೆಮ್ಮೆಪಡಬೇಕಾದದ್ದೂ ಇದೆ, ನಾಚಿಕೆಪಡಬೇಕಾದದ್ದೂ ಇದೆ. ಮೊದಲು ನಾಚಿಕೆಯ ವಿಷಯವನ್ನೇ ಹೇಳೋಣ. ದೊಡ್ಡ ಕಂಪೆನಿಗಳು ಬರಲೊಪ್ಪದ ಈ ಕೇರಿಗಳ ಮೂಲೆ ಅಂಗಡಿಗಳಲ್ಲಿ ಅನೇಕವು ಅರಬ್ ಮೂಲದ ಮುಸ್ಲಿಮ್ ವಲಸಿಗರ ಕೈಯಲ್ಲಿದ್ದವು. ಅಲ್ಲಿ ತಾಜಾ ತರಕಾರಿ ಸಿಗುವುದು ಅಪರೂಪ. ಮದ್ಯ, ಲಾಟರಿ ಟಿಕೆಟು, ಸಿಗರೇಟು ಧಾರಾಳ. ತಾನು ಮುಟ್ಟದ ಮದ್ಯವನ್ನು ಬಡ ನೆರೆಯವನ ಮಗನಿಗೆ ಮಾರಿ, ಆ ಲಾಭದಿಂದ ದೂರದ ಉಪನಗರದಲ್ಲಿ ಮನೆ ಕಟ್ಟಿ, ಅಲ್ಲಿನ ಮಸೀದಿಗೆ ಉದಾರವಾಗಿ ಚಂದಾ ಕೊಟ್ಟವರೂ ಇದ್ದರು. ಇಂತಹ ಚಂದಾಕ್ಕೆ ಏನು ಬೆಲೆ?

ಈ ಪ್ರಶ್ನೆಯನ್ನು ಮುಸ್ಲಿಮ್ ಯುವಕರೇ ಎತ್ತಿದರೆಂಬುದು ಹೆಮ್ಮೆಯ ಸಂಗತಿ. ರಾಮಿ ನಶಾಶಿಬಿ ಮತ್ತು ಸಂಗಾತಿಗಳು 1990ರ ದಶಕದಲ್ಲಿ ಕಟ್ಟಿದ ‘ಇನ್ನರ್ ಸಿಟಿ ಮುಸ್ಲಿಮ್ ಆ್ಯಕ್ಷನ್ ನೆಟ್‌ವರ್ಕ್’ ಎಂಬ ಸಂಘಟನೆ ಮೂಲೆ ಅಂಗಡಿಗಳ ಮಾಲಕರನ್ನು ಕಂಡು ಮಾತಾಡಿತು, ಕೇರಿಯ ಜನರನ್ನೂ ಅಂಗಡಿಯವರನ್ನೂ ಎದುರುಬದುರು ಕೂರಿಸಿತು. ಬಡವರಿಗಾಗಿ ಚಿಕಿತ್ಸಾಲಯ ತೆರೆಯಿತು. ಜೈಲಿನಿಂದ ಬಿಡುಗಡೆಯಾದವರಿಗೆ ಕಟ್ಟಡ ಕೆಲಸ ಕಲಿಸಿ, ಅವರ ಕೈಯಿಂದಲೇ ಪಾಳುಮನೆಗಳನ್ನು ದುರಸ್ತಿ ಮಾಡಿಸಿತು. ಕಿಂಗ್ ಅವರಿಗೆ ಕಲ್ಲು ಬಿದ್ದ ಮಾರ್ಕೆಟ್ ಪಾರ್ಕಿನಲ್ಲಿ 2016ರಲ್ಲಿ, ಆ ಘಟನೆಗೆ ಐವತ್ತು ವರ್ಷ ತುಂಬಿದಾಗ, ಸ್ಮಾರಕವೊಂದು ಎದ್ದು ನಿಲ್ಲಲು ಮುಂದಾದದ್ದೂ ಇದೇ ಸಂಘಟನೆ. ಎಂಗಲ್‌ವುಡ್ ಎಂಬ ಬಡ ಪ್ರದೇಶದಲ್ಲಿ 2016ರಲ್ಲಿ ಸಂಭ್ರಮದಿಂದ ತೆರೆದ ದೊಡ್ಡ ಕಂಪೆನಿಯೊಂದರ ದಿನಸಿ ಮಳಿಗೆ 2022ರಲ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ ಅದೇ ಪ್ರದೇಶದಲ್ಲಿ ಈ ಸಂಘಟನೆ ತಾಜಾ ತರಕಾರಿಯ ಅಂಗಡಿಯನ್ನು ತೆರೆಯಿತು.

ಇನ್ನು ನಮ್ಮ ಕಡೆಗೆ ತಿರುಗೋಣ. ಕೆಂಪು ನಕಾಶೆ ಅಮೆರಿಕಕ್ಕೆ ಮಾತ್ರ ಸೇರಿದ್ದೆಂದು ಭಾವಿಸುವವರು 2006ರ ಸಾಚಾರ್ ಸಮಿತಿಯ ವರದಿಯನ್ನು ಮತ್ತೊಮ್ಮೆ ತೆರೆದು ನೋಡಬೇಕು. ನಮ್ಮ ದೇಶದಲ್ಲಿ ಕೆಲವು ಬ್ಯಾಂಕುಗಳು ಕೆಲವು ಪ್ರದೇಶಗಳನ್ನು ‘ನಕಾರಾತ್ಮಕ ವಲಯ’ಗಳೆಂದು ಗುರುತಿಸಿ, ಅಲ್ಲಿ ಸಾಲ ಸೌಲಭ್ಯ ಸುಲಭವಾಗಿ ಸಿಗದಂತೆ ಮಾಡುತ್ತಿದ್ದುದನ್ನು ಆ ವರದಿ ದಾಖಲಿಸಿದೆ. ಶಾಲೆ, ನೀರು, ಚರಂಡಿ, ಅಂಗನವಾಡಿ ಮುಂತಾದ ಸೌಲಭ್ಯಗಳಲ್ಲಿ ಮುಸ್ಲಿಮ್ ಪ್ರದೇಶಗಳು ಹಿಂದುಳಿದಿರುವುದನ್ನೂ ಅದು ತೋರಿಸಿತು. ಇವು ಹಕ್ಕಿನ ಪ್ರಶ್ನೆಗಳು. ಇವುಗಳಿಗಾಗಿ ಪುರಸಭೆಯ, ಬ್ಯಾಂಕಿನ, ಶಿಕ್ಷಣ ಇಲಾಖೆಯ ಬಾಗಿಲಿಗೆ ನಡೆಯಬೇಕಾದವರು ನಾವೇ. ಕೈಯಲ್ಲಿ ಭಿಕ್ಷಾಪಾತ್ರೆ ಹಿಡಿದಲ್ಲ, ಅರ್ಜಿ ಮತ್ತು ಅಂಕಿ ಅಂಶ ಹಿಡಿದು.

ಆದರೆ ಸರಕಾರವನ್ನು ಪ್ರಶ್ನಿಸುವ ನಾಲಗೆಗೆ ತನ್ನನ್ನು ತಾನು ಪ್ರಶ್ನಿಸುವ ಧೈರ್ಯವೂ ಇರಬೇಕು. ನಮ್ಮ ಪಟ್ಟಣಗಳಲ್ಲಿ ಅನುಕೂಲಸ್ಥರಾದವರು ಹಳೆಯ ಮೊಹಲ್ಲಾ ಬಿಟ್ಟು ಹೊಸ ಬಡಾವಣೆಗೆ ಹೋಗುತ್ತಾರೆ. ಅದು ತಪ್ಪಲ್ಲ. ಆದರೆ ಹೋದ ಮೇಲೆ ಹಿಂತಿರುಗಿ ನೋಡುವುದೂ ನಿಲ್ಲುತ್ತದೆ. ರಮಝಾನಿನಲ್ಲಿ ಒಮ್ಮೆ ಝಕಾತಿನ ಲಕೋಟೆ ಹಂಚಿ, ಉಳಿದ ಹನ್ನೊಂದು ತಿಂಗಳು ನಾವು ಮರೆಯುತ್ತೇವೆ. ಝಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಎಂಟು ವರ್ಗಗಳನ್ನು ಹೆಸರಿಸಿದೆ. ಅವುಗಳಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಬಡ್ಡಿಗೆ ಸಿಕ್ಕಿ ನರಳುವ ಎಷ್ಟು ಕುಟುಂಬಗಳು ನಮ್ಮ ಮಸೀದಿಯ ಹಿಂದಿನ ಓಣಿಯಲ್ಲಿವೆ ಎಂಬ ಲೆಕ್ಕ ಯಾವ ಜಮಾಅತಿನ ಪುಸ್ತಕದಲ್ಲಿದೆ? ಮಸೀದಿಯ ಮಿನಾರಕ್ಕೆ, ಅಮೃತಶಿಲೆಗೆ ಬಂದ ದೇಣಿಗೆಯ ಪಟ್ಟಿ ಗೋಡೆಯ ಮೇಲಿರುತ್ತದೆ. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಎಲ್ಲಿಯೂ ಇರುವುದಿಲ್ಲ.

ಚಂದಾ ಸೇರಿಸುವುದಕ್ಕಿಂತ ಕಠಿಣವಾದುದು ಸೇರಿದ್ದನ್ನು ಸಲ್ಲಬೇಕಾದಲ್ಲಿಗೆ ಸಲ್ಲಿಸುವುದು. ಇದಕ್ಕೆ ನಮ್ಮ ದೇಶದ ದೊಡ್ಡ ಉದಾಹರಣೆಯೇ ಇದೆ. 1951ರಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ಆರಂಭವಾದ ವಿನೋಬಾ ಭಾವೆಯವರ ಭೂದಾನ ಪಾದಯಾತ್ರೆ ವರ್ಷಗಟ್ಟಲೆ ಸಾಗಿತು. 1957ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಸಮೀಪದ ಯಲವಾಳದಲ್ಲಿ ಪ್ರಧಾನಿ ನೆಹರೂ ಸಹಿತ ನಾನಾ ಪಕ್ಷಗಳ ನಾಯಕರು ಸೇರಿ ಅದನ್ನು ಹರಸಿದರು. ಒಟ್ಟು ನಲವತ್ತು ಲಕ್ಷ ಎಕರೆಗೂ ಹೆಚ್ಚು ಭೂಮಿಯ ದಾನ ಘೋಷಣೆಯಾಯಿತು. ಆದರೆ ಅದರಲ್ಲಿ ಎಷ್ಟೋ ಭಾಗ ಕೃಷಿಗೆ ಬಾರದ ಬರಡು ನೆಲ, ಎಷ್ಟೋ ಭಾಗ ವ್ಯಾಜ್ಯದ ನೆಲ. ದೊಡ್ಡ ಪಾಲು ಭೂಹೀನರ ಕೈ ಸೇರಲೇ ಇಲ್ಲ. ನಡೆದವರ ಪ್ರಾಮಾಣಿಕತೆಯಲ್ಲಿ ಕೊರತೆಯಿರಲಿಲ್ಲ. ನಡಿಗೆಯ ನಂತರದ ವ್ಯವಸ್ಥೆಯಲ್ಲಿತ್ತು.

ಆದ್ದರಿಂದ ನಮ್ಮ ಸೂಚನೆ ಸರಳವಾದುದು. ಒಂದು ಶುಕ್ರವಾರ ಜುಮಾ ನಮಾಝಿನ ಬಳಿಕ ಜಮಾಅತಿನ ಹತ್ತು ಮಂದಿ ತಮ್ಮದೇ ಊರಿನ ಅತ್ಯಂತ ಹಿಂದುಳಿದ ಓಣಿಗೆ ನಡೆದು ಹೋಗಲಿ. ಮಹಿಳೆಯರ ತಂಡವೊಂದು ಮನೆಯೊಳಗೆ ಹೋಗಿ ಮಾತಾಡಲಿ. ಗಂಡಸರಿಗೆ ಹೇಳಲಾಗದ ಕಷ್ಟಗಳು ಅಲ್ಲಿರುತ್ತವೆ. ಶಾಲೆ ಬಿಟ್ಟ ಮಕ್ಕಳು, ಚಿಕಿತ್ಸೆಯಿಲ್ಲದ ರೋಗಿಗಳು, ಪಿಂಚಣಿಗೆ ಅರ್ಹರಾಗಿಯೂ ಪಡೆಯದ ವಿಧವೆಯರು, ಬಡ್ಡಿಯ ಸಾಲಗಾರರು, ಎಲ್ಲರ ಲೆಕ್ಕವೂ ಆಗಲಿ. ಆ ಓಣಿಯಲ್ಲಿ ಹಿಂದೂವೋ ಕ್ರೈಸ್ತನೋ ನೆರೆಯವನಿದ್ದರೆ ಅವನ ಮನೆಯ ಕಷ್ಟವೂ ಆ ಪಟ್ಟಿಯಲ್ಲಿರಲಿ. ಸರಕಾರದಿಂದ ಸಿಗಬೇಕಾದುದಕ್ಕೆ ಅರ್ಜಿ ಬರೆಯೋಣ, ನಾವೇ ಮಾಡಬಹುದಾದುದಕ್ಕೆ ಹಣ ಕೂಡಿಸೋಣ. ನೆರವು ಪಡೆದವರ ಹೆಸರು ಗುಟ್ಟಾಗಿರಲಿ, ಹಣದ ಲೆಕ್ಕ ಮಾತ್ರ ಬಹಿರಂಗವಾಗಿರಲಿ. ಆರು ತಿಂಗಳ ಬಳಿಕ ಅದೇ ಹತ್ತು ಮಂದಿ ಮತ್ತೆ ಅದೇ ಓಣಿಗೆ ಹೋಗಿ, ಏನು ಬದಲಾಯಿತು ಎಂದು ನೋಡಿ ಬರಲಿ.

ಪಾದ್ರಿ ಬ್ರೂಕ್ಸ್ ತಮ್ಮ ಕೇರಿಯ ಮಕ್ಕಳಿಗಾಗಿ ಮೂರು ಸಾವಿರ ಮೈಲಿ ನಡೆದರು. ನಮ್ಮ ಬಹುತೇಕ ಪಟ್ಟಣಗಳಲ್ಲಿ ಅನುಕೂಲಸ್ಥರ ಬಡಾವಣೆಗೂ ಬಡವರ ಮೊಹಲ್ಲಾಕ್ಕೂ ನಡುವೆ ಹತ್ತಿಪ್ಪತ್ತು ನಿಮಿಷಗಳ ದಾರಿ. ಅಷ್ಟು ದೂರವನ್ನೂ ನಾವು ನಡೆಯದಿದ್ದರೆ, ನಾಳೆ ಅಲ್ಲಾಹನ ಮುಂದೆ ನೆರೆಯವನ ಕುರಿತು ವಿಚಾರಣೆಯಾಗುವಾಗ ದಾರಿ ದೂರವಿತ್ತು ಎಂದು ಹೇಳುವಂತಿಲ್ಲ.