ಪುಸ್ತಕ ತಿದ್ದಿ, ಬಿರುಕನ್ನಲ್ಲ!

ರಾತ್ರಿ ಅಂಗಡಿ ಮುಚ್ಚುವಾಗ ಗಲ್ಲಾಪೆಟ್ಟಿಗೆಯ ಹಣಕ್ಕೂ ಪುಸ್ತಕದ ಲೆಕ್ಕಕ್ಕೂ ತಾಳೆ ಬೀಳದಿದ್ದರೆ ವ್ಯಾಪಾರಿ ಏನು ಮಾಡುತ್ತಾನೆ? ಪುಸ್ತಕದಲ್ಲಿ ತಪ್ಪು ಹುಡುಕುತ್ತಾನೆ. ಎಣಿಸಿದ ಹಣವನ್ನು ಸುಳ್ಳೆನ್ನುವುದಿಲ್ಲ.

ಸೇತುವೆ, ಕಟ್ಟಡಗಳ ವಿಷಯದಲ್ಲಿ ಇಂದಿನ ಇಂಜಿನಿಯರುಗಳೂ ಇದನ್ನೇ ಮಾಡುತ್ತಾರೆ. ಕಟ್ಟಡವು ಸೆಕೆಂಡಿಗೆ ಎಷ್ಟು ಸಲ ಅದುರಬೇಕೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ನಿಜವಾದ ಕಟ್ಟಡಕ್ಕೆ ಮಾಪಕಗಳನ್ನಿಟ್ಟು ಅದರ ಕಂಪನವನ್ನು ಅಳೆಯುತ್ತಾರೆ. ಎರಡೂ ಕೂಡದಿದ್ದರೆ, ಕಾಂಕ್ರೀಟಿನ ಬಿಗಿ, ಆಧಾರಗಳ ಗಟ್ಟಿತನ ಮೊದಲಾದ ಅಂಕಿಗಳನ್ನು ತಿದ್ದಿ ಲೆಕ್ಕವನ್ನು ಅಳತೆಗೆ ಹೊಂದಿಸುತ್ತಾರೆ. ಬಿಗಿ ಕುಂದಿದಂತೆ ಕಂಡಲ್ಲಿ ಬಿರುಕನ್ನು ಹುಡುಕುತ್ತಾರೆ.

ಸ್ವಿಟ್ಜರ್ಲೆಂಡಿನ ಬರ್ನ್-ಜೂರಿಕ್ ಹೆದ್ದಾರಿಯ ಮೇಲಿದ್ದ ಜೆಡ್-24 ಎಂಬ ಸೇತುವೆಯನ್ನು ಕೆಡವುವ ಮೊದಲು, 1997-98ರಲ್ಲಿ ಹಲವು ತಿಂಗಳು ಹೀಗೆ ಅಳೆದರು. ಕೊನೆಗೆ ಒಂದು ಕಂಬವನ್ನು ಬೇಕೆಂದೇ ಕೆಲವು ಸೆಂಟಿಮೀಟರು ಕುಸಿಸಿದರು. ಕಂಪನದ ಸಂಖ್ಯೆ ಇಳಿಯಿತು. ಆದರೆ ಅದಕ್ಕೆ ಮುಂಚೆ, ಕೊರೆಯುವ ಚಳಿಯಲ್ಲಿ ಡಾಂಬರು ಬಿರುಸಾದಾಗ, ಅದೇ ಸಂಖ್ಯೆ ಏರಿತ್ತು! ಹವೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಏಟು ತಿಂದ ಸೇತುವೆಯೂ ಗಟ್ಟಿಮುಟ್ಟಾಗಿ ತೋರಬಹುದು.

ಒಂದೇ ಮೊತ್ತವನ್ನು ಹತ್ತು ಬಗೆಯಲ್ಲಿ ಕೂಡಿಸಬಹುದೆಂಬುದನ್ನು ಗುಮಾಸ್ತರಿಗೆ ನಾವು ಹೇಳಿಕೊಡಬೇಕಾಗಿಲ್ಲ. ತಾಳೆ ಬಿದ್ದ ಮಾತ್ರಕ್ಕೆ ಲೆಕ್ಕ ಸತ್ಯವಾಗದು. ಯಾವ ಅಂಕಿಯನ್ನು, ಯಾವ ಕಾರಣಕ್ಕೆ, ಯಾರು ತಿದ್ದಿದರೆಂಬುದು ಬಹಿರಂಗವಾಗಬೇಕು.

ಏಕೆ? ಢಾಕಾ ಬಳಿಯ ರಾಣಾ ಪ್ಲಾಜಾವನ್ನು ನೆನೆಯಿರಿ. 2013ರ ಏಪ್ರಿಲ್ 23ರಂದು ಅಲ್ಲಿ ಬಿರುಕುಗಳು ಕಂಡವು. ಕೆಳಗಿನ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳಿಸಿತು. ಮರುದಿನ ಮೇಲಿನ ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರನ್ನು ಮಾತ್ರ ಒಳಗೆ ಕರೆದರು. ಮೇಲಂತಸ್ತುಗಳ ಜನರೇಟರುಗಳು ನಡುಗತೊಡಗಿದವು, ಕಟ್ಟಡ ಕುಸಿಯಿತು, 1,100ಕ್ಕೂ ಹೆಚ್ಚು ಜೀವಗಳು ಹೋದವು. ಅಲ್ಲಿ ವಿಜ್ಞಾನಕ್ಕೆ ಕೊರತೆಯಿರಲಿಲ್ಲ. ಕಣ್ಣಿಗೆ ಕಂಡ ಬಿರುಕಿಗಿಂತ ಸರಕು ಸಾಗಿಸುವ ತಾರೀಖು ದೊಡ್ಡದಾಯಿತು!

ಮಗ್ಗಗಳೆಲ್ಲ ಒಮ್ಮೆಗೇ ಓಡುವಾಗ ನೆಲ ನಡುಗುವುದನ್ನು ಮೊದಲು ಅರಿಯುವುದು ಕಾರ್ಮಿಕನ ಅಂಗಾಲು. ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಮೇಲಂತಸ್ತಿನಲ್ಲಿ ಯಂತ್ರ ಓಡಿಸುವ ಪ್ರತಿ ಕಾರ್ಖಾನೆಯ ಕಂಪನವನ್ನೂ ಅಳೆಯಬೇಕು. ಅಳತೆಯೂ ತಿದ್ದಿದ ಲೆಕ್ಕವೂ ಕಾರ್ಮಿಕ ಸಂಘದ ಕೈಗೆ ಸಿಗಬೇಕು. ಬಿರುಕು ಕಂಡ ದಿನ, ಕೂಲಿ ಕಳೆದುಕೊಳ್ಳದೆ ಹೊರಗೆ ನಿಲ್ಲುವ ಹಕ್ಕು ಕಾರ್ಮಿಕನಿಗಿರಬೇಕು.

ಮಾಲೀಕನ ಲೆಕ್ಕ ತಪ್ಪಿದರೆ ತಲೆಯ ಮೇಲೆ ಬೀಳುವುದು ನಮ್ಮ ಚಾವಣಿ. ಆ ಲೆಕ್ಕವನ್ನು ನೋಡುವ ಹಕ್ಕೂ ನಮ್ಮದೇ.