ಉಪಕರಣಕ್ಕೊಂದು ಒಕ್ಕಣೆ

ಕಂಪ್ಯೂಟರಿನ ವಿಷಯವೆಂದರೆ ಅದು ಎಂಜಿನಿಯರಿಂಗ್ ಓದುವವರ ಸ್ವತ್ತು, ಕಲಾ ವಿಭಾಗದ ನಮಗೂ ಅದಕ್ಕೂ ಗಾವುದ ದೂರ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಕಳೆದ ಬೇಸಿಗೆಯ ರಜೆಯವರೆಗೆ ನಾನೂ ಹಾಗೆಯೇ ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದ ಒಂದು ಸಣ್ಣ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ.

ಎಂಜಿನಿಯರಿಂಗ್ ಓದುತ್ತಿರುವ ಗೆಳೆಯನೊಬ್ಬ ರಜೆಗೆ ಊರಿಗೆ ಬಂದವನು ಒಂದು ಏಜೆಂಟನ್ನು ಸಿದ್ಧಪಡಿಸಿದ್ದ. ಏಜೆಂಟ್ ಎಂದೊಡನೆ ನಮ್ಮ ಕಡೆ ವಿಮೆಯ ಕಂತಿಗಾಗಿ ಮನೆಗೆ ಬರುವವರು ನೆನಪಾಗುತ್ತಾರೆ, ಇದು ಅದಲ್ಲ. ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಯೊಂದು ನಮ್ಮ ಪ್ರಶ್ನೆಯನ್ನು ಓದಿ, ತನ್ನ ಕೈಗೆ ಕೊಟ್ಟಿರುವ ಚಿಕ್ಕಪುಟ್ಟ ಸಾಫ್ಟ್‌ವೇರ್ ಉಪಕರಣಗಳಲ್ಲಿ ತಕ್ಕುದನ್ನು ತಾನೇ ಆರಿಸಿ, ಅದಕ್ಕೆ ಬೇಕಾದ ವಿವರ ತುಂಬಿ, ಬಂದ ಉತ್ತರವನ್ನು ನಮಗೆ ತಿಳಿಸುವ ವ್ಯವಸ್ಥೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಉಪಕರಣದ ಒಳಗಿನ ಪ್ರೋಗ್ರಾಮು ಸಾಮಾನ್ಯವಾಗಿ ಮಾದರಿಯ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ಕಾಣುವುದು ಉಪಕರಣದ ಹೆಸರು, ಕೆಳಗೆ ಬರೆದ ನಾಲ್ಕು ಸಾಲಿನ ಒಕ್ಕಣೆ, ತುಂಬಬೇಕಾದ ಅಂಶಗಳ ಪಟ್ಟಿ, ಇಷ್ಟೇ. 2024ರ ನವೆಂಬರಿನಲ್ಲಿ ಆಂತ್ರೊಪಿಕ್ ಸಂಸ್ಥೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಸಾಮಾನ್ಯ ಕಟ್ಟಳೆಯನ್ನು ಪ್ರಕಟಿಸಿತು. ಅದರಲ್ಲಿಯೂ ಏರ್ಪಾಡು ಇದೇ. ಒಕ್ಕಣೆ ಕೆಟ್ಟರೆ ಕೆಲಸ ಕೆಟ್ಟಿತು.

ಗೆಳೆಯ ನಾಲ್ಕಾರು ಮನೆಗಳ ಪಹಣಿಯ ವಿವರಗಳನ್ನು ಕೇಳಿ ಬರೆದುಕೊಂಡು ಒಂದು ಉಪಕರಣ ಮಾಡಿದ್ದ. ಅದರ ಒಕ್ಕಣೆ "ಜಮೀನಿನ ವಿಸ್ತೀರ್ಣ ಕೊಡುತ್ತದೆ" ಎಂಬ ಮೂರೇ ಮಾತು. ನಮ್ಮ ಮನೆಯ ಎರಡು ತುಂಡು ಜಮೀನು ಅದರಲ್ಲಿ 1.30 ಎಂದೂ 0.20 ಎಂದೂ ದಾಖಲಾಗಿತ್ತು. ಒಟ್ಟು ಎಷ್ಟೆಂದು ಕೇಳಿದೆವು. "1.50, ಅಂದರೆ ಒಂದೂವರೆ ಎಕರೆ" ಎಂದು ಯಂತ್ರ ಸ್ವಲ್ಪವೂ ಅನುಮಾನಿಸದೆ ನುಡಿಯಿತು. ಜಗಲಿಯ ಮೇಲೆ ಅಡಿಕೆ ಆರಿಸುತ್ತ ಕುಳಿತಿದ್ದ ಅಪ್ಪ ತಲೆಯೆತ್ತಿ, "ಮುಕ್ಕಾಲು ಎಕರೆ ಯಾರಿಗೆ ಬರ್ದು ಕೊಟ್ರೋ?" ಎಂದರು.

ಅವರ ಮಾತು ಸರಿ. ಪಹಣಿಯ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಅದರ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. 40 ಗುಂಟೆಗೆ ಒಂದು ಎಕರೆ. ಮೂವತ್ತಕ್ಕೆ ಇಪ್ಪತ್ತು ಕೂಡಿದರೆ ಐವತ್ತು ಗುಂಟೆ, ಎಂದರೆ ಒಂದು ಎಕರೆ ಹತ್ತು ಗುಂಟೆ. ಮೊದಲಿನ ಎಕರೆಯೊಡನೆ ಒಟ್ಟು ಎರಡು ಎಕರೆ ಹತ್ತು ಗುಂಟೆ. ಒಂದೂವರೆ ಎಕರೆಗೂ ಇದಕ್ಕೂ 30 ಗುಂಟೆಯ ಅಂತರ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ. ಅಂತಹ ಮೂವತ್ತು ತುಣುಕು ಒಂದು ಚುಕ್ಕೆಯಲ್ಲಿ ಮುಳುಗಿಹೋಯಿತು. ನಗೆಯ ಮಾತಾಗಿ ಮುಗಿಯಿತು, ಸರಿ. ಆದರೆ ಅದೇ ಅಂಕಿ ಬೆಳೆ ಸಾಲದ ಅರ್ಜಿಯೊಳಗೆ ಸೇರಿದ್ದರೆ?

ಯಂತ್ರದ ಕೂಡಿಕೆ ತಪ್ಪಲಿಲ್ಲವೆಂಬುದನ್ನು ಮರೆಯಬಾರದು. ಚುಕ್ಕೆಯ ಅರ್ಥವನ್ನು ಅದಕ್ಕೆ ಯಾರೂ ಹೇಳಿರಲಿಲ್ಲ. ನಮಗೆಲ್ಲ ಗೊತ್ತಿದ್ದುದರಿಂದಲೇ ಯಾರೂ ಬರೆಯಲಿಲ್ಲ!

ಈ ವಿಷಯದಲ್ಲಿ ನಮ್ಮ ಹಿರಿಯರು ನಮಗಿಂತ ಎಚ್ಚರದವರು. ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು 1902ರಲ್ಲಿಯೂ ಸೊರಬದವನ್ನು 1904ರಲ್ಲಿಯೂ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಬಳ್ಳಿಗಾವೆಯ 11ನೆಯ ಶತಮಾನದ ದಾನಶಾಸನದಲ್ಲಿ ಇಷ್ಟು ಮತ್ತರು ಗದ್ದೆ ಎಂದು ಹೇಳಿ ಸುಮ್ಮನಾಗಿಲ್ಲ. ಭೇರುಂಡ ಗಳೆಯಿಂದ ಅಳೆದ ಮತ್ತರು ಎಂದು ಕಂಡರಿಸಿದ್ದಾರೆ. ಅಳೆಯುವ ಕೋಲು ಬದಲಾದರೆ ಮತ್ತರೂ ಬದಲಾಗುತ್ತಿದ್ದ ಕಾಲ ಅದು. ಕಲ್ಲಿನಲ್ಲಿ ಒಂದು ಪದ ಹೆಚ್ಚಾದರೂ ಉಳಿಯ ಕೆಲಸ ಹೆಚ್ಚು. ಆದರೂ ಆ ಪದವನ್ನು ಬಿಡಲಿಲ್ಲ. ಕೀಲಿಮಣೆಯ ಮೇಲೆ ಬೆರಳಾಡಿಸುವ ನಮಗೆ ಅಷ್ಟು ಶ್ರಮವೂ ಇಲ್ಲ.

ಗೆಳೆಯನೂ ನಾನೂ ಕುಳಿತು ಒಕ್ಕಣೆಯನ್ನು ಹೀಗೆ ತಿದ್ದಿದೆವು: "ಒಂದು ಸರ್ವೆ ನಂಬರಿನ ವಿಸ್ತೀರ್ಣವನ್ನು ತೋರಿಸುತ್ತದೆ, ಏನನ್ನೂ ಬದಲಾಯಿಸುವುದಿಲ್ಲ. ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸೆ ಐದನ್ನೂ ಕೊಡಬೇಕು. ಯಾವುದಾದರೂ ತಿಳಿಯದಿದ್ದರೆ ಊಹಿಸದೆ ಕೇಳಿದವರನ್ನೇ ಕೇಳಬೇಕು. ಉತ್ತರ ಎಕರೆ ಚುಕ್ಕೆ ಗುಂಟೆ ರೂಪದಲ್ಲಿದೆ, ದಶಮಾಂಶವಲ್ಲ, 1.30 ಎಂದರೆ 1 ಎಕರೆ 30 ಗುಂಟೆ. ದಾಖಲೆ ಸಿಕ್ಕದಿದ್ದರೆ 'ದಾಖಲೆ ಇಲ್ಲ' ಎಂದು ಬರುತ್ತದೆ. ಅದಕ್ಕೆ ಜಮೀನು ಇಲ್ಲವೆಂದು ಅರ್ಥವಲ್ಲ."

ಹೋಬಳಿಯನ್ನೇಕೆ ಕೇಳಬೇಕೆಂದು ಗೆಳೆಯ ತಕರಾರು ತೆಗೆದ. ಹೊಸೂರು ಎಂಬುದು ಶಿಕಾರಿಪುರ ತಾಲ್ಲೂಕಿನ ಒಂದು ಹೋಬಳಿ; ಅದೇ ಹೆಸರಿನ ಊರುಗಳು ನಾಡಿನಲ್ಲಿ ಎಷ್ಟಿವೆಯೋ. ಕೊನೆಯ ವಾಕ್ಯಕ್ಕೂ ಕಾರಣವುಂಟು. ಮೊದಲಿನ ಉಪಕರಣ ದಾಖಲೆ ಸಿಕ್ಕದಾಗ ಸೊನ್ನೆ ಕೊಡುತ್ತಿತ್ತು. ಪಕ್ಕದ ಮನೆಯ ಅಜ್ಜನಿಗೆ ಜಮೀನೇ ಇಲ್ಲವೆಂದು ಅದು ಹೇಳಿಬಿಟ್ಟಿತ್ತು; ಅಜ್ಜ ಎರಡು ದಿನ ನಮ್ಮೊಡನೆ ಮಾತು ಬಿಟ್ಟಿದ್ದ.

ಹೆಸರಿನಲ್ಲಿಯೂ ಅಪಾಯವಿದೆ. "ಖಾತೆ ಬದಲಾವಣೆ" ಎಂದು ಒಂದು ಉಪಕರಣಕ್ಕೆ ಹೆಸರಿಟ್ಟರೆ, ಅದು ಅರ್ಜಿ ಎಲ್ಲಿಗೆ ಬಂದಿದೆಯೆಂದು ತೋರಿಸುವುದೋ, ಅರ್ಜಿಯನ್ನೇ ಸಲ್ಲಿಸಿಬಿಡುವುದೋ? ನಾಮಪದ ಬಾಯಿ ಬಿಡುವುದಿಲ್ಲ, ಕ್ರಿಯಾಪದ ಬೇಕು. ನೋಡುವ ಉಪಕರಣ ತಪ್ಪಿದರೆ ಮತ್ತೆ ನೋಡಬಹುದು. ಸಲ್ಲಿಸುವುದು ತಪ್ಪಿದರೆ ಕಚೇರಿಗೆ ಅಲೆಯುವವನು ರೈತ.

ಒಕ್ಕಣೆ ಉದ್ದವಾದರೆ ಮಾದರಿಗೆ ಓದುವ ಭಾರ ಹೆಚ್ಚು, ಪ್ರತಿ ಸಲವೂ ಎಲ್ಲ ಉಪಕರಣಗಳ ಒಕ್ಕಣೆ ಅದರ ಮುಂದಿರುತ್ತದೆ ಎಂಬುದು ಗೆಳೆಯನ ಆಕ್ಷೇಪಣೆ. ನ್ಯಾಯವಾದುದೇ. ಆದರೆ ಬೇರೆ ಉಪಕರಣಗಳಲ್ಲಿ ಅವನು "ಅತ್ಯಾಧುನಿಕ", "ಅತಿ ವೇಗದ" ಎಂಬ ವಿಶೇಷಣಗಳನ್ನು ಧಾರಾಳವಾಗಿ ಬಳಸಿದ್ದ. ಕತ್ತರಿ ಅಲ್ಲಿ ಆಡಲಿ, ಗುಂಟೆಯ ಮೇಲೆ ಬೇಡ.

ಇಂತಹ ಒಕ್ಕಣೆಯನ್ನು ಬರೆಯುವವನಿಗೆ ಎರಡು ಯೋಗ್ಯತೆ ಬೇಕು: ಭಾಷೆಯನ್ನು ಅಳೆದು ಬಳಸುವ ಅಭ್ಯಾಸ, ಊರಿನ ವ್ಯವಹಾರದ ತಿಳಿವಳಿಕೆ. ಎರಡೂ ಇರುವವರು ನಮ್ಮ ತರಗತಿಗಳಲ್ಲಿಯೇ ಕುಳಿತಿದ್ದಾರೆಂಬುದು ನನ್ನ ಅಭಿಪ್ರಾಯ. ಭಾಷಾ ತರಗತಿಯಲ್ಲಿ ಸಾರಾಂಶ ಬರೆಯಿಸುವಂತೆ ವಾರಕ್ಕೊಂದು ಒಕ್ಕಣೆಯನ್ನೂ ಬರೆಯಿಸಬಹುದು. ಶಿಕಾರಿಪುರದ ವಿದ್ಯಾರ್ಥಿ ಬರೆದುದನ್ನು ಸೊರಬದವನು ಓದಿ, ಏನನ್ನೂ ಕೇಳದೆ ಪೆನ್ಸಿಲು ಹಿಡಿದು ಲೆಕ್ಕ ಮಾಡಲಿ. ಅವನು ಎಡವಿದಲ್ಲಿ ಯಂತ್ರವೂ ಎಡವೀತು.

ಗೆಳೆಯನ ಬಳಿ ಅಡಿಕೆ ಧಾರಣೆಯ ಉಪಕರಣವೊಂದು ಬಾಕಿಯಿದೆ. "ಇಂದಿನ ಬೆಲೆ ಹೇಳುತ್ತದೆ" ಎಂದಷ್ಟೇ ಬರೆದಿದ್ದಾನೆ. ರಾಶಿಯದೋ ಬೆಟ್ಟೆಯದೋ, ಯಾವ ಮಾರುಕಟ್ಟೆಯದು, ಕ್ವಿಂಟಲಿಗೋ ಕಿಲೋಗೋ ಎಂದು ಕೇಳಿ ನಾನು ಪತ್ರ ಹಾಕಿದ್ದೇನೆ.